ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಬಂದ ಮೇಲೆ

2025ರ ಜೂನ್ ಕೊನೆಯ ವಾರ ನಿಮಗೂ ನೆನಪಿರಬಹುದು. ಫೋನ್ ತೆಗೆದರೆ ಸಾಕು, ‘ಹಾಸನದಲ್ಲಿ ಹೃದಯಾಘಾತಕ್ಕೆ ಮತ್ತೊಂದು ಬಲಿ’ ಎಂಬ ಸುದ್ದಿ. ತಾಲೂಕಿನಿಂದ ಸುದ್ದಿ ಕಳಿಸುವ ನಮಗೆ ಬೆಳಿಗ್ಗೆ ಡೆಸ್ಕ್‌ನಿಂದ ಬರುತ್ತಿದ್ದ ಮೊದಲ ಪ್ರಶ್ನೆಯೇ ‘ಇವತ್ತು ಎಷ್ಟು?’ ಎಂಬುದಾಗಿತ್ತು. ಜನ ಹೆದರಿದರು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವವೇ ಸಾಲು ನಿಂತಿತು. ಎದೆ ಚುಳ್ ಎಂದವರು, ಎನ್ನದವರು, ಎಲ್ಲರೂ ಇಸಿಜಿ ತೆಗೆಸಿಕೊಂಡರು.

ಆ ಸಾಲಿನಲ್ಲಿ ನಮ್ಮ ಸೋದರಮಾವನೂ ಇದ್ದರು. ಸಕಲೇಶಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವರು. 2019ರಲ್ಲಿ ಅವರಿಗೆ ಹೃದಯಾಘಾತವಾಗಿ ಒಂದು ಸ್ಟೆಂಟ್ ಹಾಕಿದ್ದರು. ಮೈಸೂರಿನಿಂದ ವಾಪಸ್ ಬಂದವರು ಇಸಿಜಿ ಚೀಟಿ ಬೀಸುತ್ತಾ, ‘ಎಲ್ಲಾ ನಾರ್ಮಲ್ ಮಾರಾಯ, ಸುಮ್ನೆ ಹೆದರಿದ್ದೆ’ ಎಂದರು. ‘ಮಾತ್ರೆ ತಗೋತಿದ್ದೀರಲ್ಲ ಮಾವ?’ ಎಂದು ಸುಮ್ಮನೆ ಕೇಳಿದೆವು. ‘ಅದನ್ನ ಬಿಟ್ಟು ಒಂದೂವರೆ ವರ್ಷ ಆಯ್ತು. ಉಷ್ಣ ಆಗ್ತಿತ್ತು. ಆರಾಮಾಗೇ ಇದೀನಲ್ಲ’ ಎಂದರು.

ಹೃದಯದ ಭಯದಿಂದ ನೂರಾರು ಕಿಲೋಮೀಟರ್ ಹೋಗಿ ಬಂದ ಮನುಷ್ಯ, ಅದೇ ಹೃದಯಕ್ಕೆ ಕೊಟ್ಟ ಮಾತ್ರೆಯನ್ನು ಒಂದೂವರೆ ವರ್ಷದ ಹಿಂದೆಯೇ ನಿಲ್ಲಿಸಿದ್ದರು. ಇದು ಹೇಗೆ ಆಗುತ್ತದೆ? ಮಾವನಿಗೆ ಬೈದರೆ ಮುಗಿಯುವ ವಿಷಯ ಇದಲ್ಲ ಅನ್ನಿಸಿತು. ನಮ್ಮ ಬೆಟ್ಟದ ಸೀಮೆಗೆ ಹೃದಯದ ಚಿಕಿತ್ಸೆ ಬಂದ ದಾರಿಯನ್ನೇ ಹಿಂದಕ್ಕೆ ತಿರುಗಿ ನೋಡಬೇಕಾಯಿತು.

ಮೊದಲು ಆ ಜೂನ್ ತಿಂಗಳ ಲೆಕ್ಕ ಮುಗಿಸೋಣ. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸರ್ಕಾರ ತಜ್ಞರ ಸಮಿತಿ ಮಾಡಿತು. ಜುಲೈನಲ್ಲಿ ವರದಿ ಬಂತು. ಮೇ-ಜೂನ್‌ನಲ್ಲಿ ಹೃದಯಾಘಾತ ಎಂದು ಸುದ್ದಿಯಾದ 24 ಸಾವುಗಳಲ್ಲಿ 4ಕ್ಕೆ ಹೃದಯದ ಸಂಬಂಧವೇ ಇರಲಿಲ್ಲ. ಉಳಿದ 20ರಲ್ಲಿ 10 ಖಚಿತವಾಗಿ ಹೃದಯದ ಕಾಯಿಲೆಯಿಂದ, ಇನ್ನು 10 ಬಹುಶಃ ಅದರಿಂದ ಎಂದಿತು ಸಮಿತಿ. ಜಿಲ್ಲೆಯಲ್ಲಿ ಹೃದಯಾಘಾತ ದಿಢೀರನೆ ಏರಿಲ್ಲ, ಕೋವಿಡ್ ಲಸಿಕೆಗೂ ಇದಕ್ಕೂ ನಂಟು ಕಾಣಲಿಲ್ಲ ಎಂದೂ ಹೇಳಿತು. ಕಾರಣಗಳೆಂದು ಪಟ್ಟಿ ಮಾಡಿದ್ದು ಹಳೆಯವನ್ನೇ: ತಂಬಾಕು, ಮದ್ಯ, ಬಿಪಿ, ಸಕ್ಕರೆ ಕಾಯಿಲೆ, ಮನೆತನದ ಇತಿಹಾಸ. ಸತ್ತವರಲ್ಲಿ ಕೆಲವರು ಮೊದಲೇ ಹೃದ್ರೋಗಿಗಳು ಎಂಬ ಮಾತೂ ವರದಿಯಲ್ಲಿತ್ತು. ಆ ಸಾಲನ್ನು ನಾವೂ ಸೇರಿದಂತೆ ಯಾರೂ ತಲೆಬರಹ ಮಾಡಲಿಲ್ಲ. ಚಿಕ್ಕ ವಯಸ್ಸಿನವರ ಸಾವು ದೊಡ್ಡ ಸುದ್ದಿ. ಚಿಕಿತ್ಸೆ ಪಡೆದು ಮನೆಗೆ ಬಂದು, ಮತ್ತೆ ಕುಸಿದವರದು ಸುದ್ದಿಯೇ ಅಲ್ಲ.

ಇನ್ನು ಹಳೆಯ ಕಥೆಗೆ ಬರೋಣ. ನಮ್ಮ ಅಜ್ಜಂದಿರ ಕಾಲದಲ್ಲಿ ಮಲೆನಾಡಿನ ದೊಡ್ಡ ಹೆದರಿಕೆ ಚಳಿಜ್ವರದ್ದು, ಅಂದರೆ ಮಲೇರಿಯಾದ್ದು. ಮನೆ ಮನೆಗಳೇ ಖಾಲಿಯಾದ ಕಥೆಗಳನ್ನು ಹಿರಿಯರು ಈಗಲೂ ಹೇಳುತ್ತಾರೆ. ಮೈಸೂರು ಸಂಸ್ಥಾನ ಅಮೆರಿಕದ ರಾಕ್‌ಫೆಲರ್ ಫೌಂಡೇಷನ್ ಜೊತೆ ಸೇರಿ ಪಕ್ಕದ ಮೂಡಿಗೆರೆಯಲ್ಲಿ ಮಲೇರಿಯಾ ಅಧ್ಯಯನ ಕೇಂದ್ರವನ್ನೇ ನಡೆಸಿತ್ತು. ಸ್ವಾತಂತ್ರ್ಯದ ನಂತರ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, ಮನೆಗೋಡೆಗಳಿಗೆ ಡಿಡಿಟಿ ಬಿದ್ದ ಮೇಲೆ ಬೆಟ್ಟದ ಜನ ಉಸಿರಾಡಿದರು. ಜ್ವರಕ್ಕೆ ಸಾಯುವವರು ಕಡಿಮೆಯಾಗಿ ಅರವತ್ತು, ಎಪ್ಪತ್ತು ವರ್ಷ ಬದುಕುವವರು ಹೆಚ್ಚಾದಾಗಲೇ ಎದೆಯ ಕಾಯಿಲೆ ಕಣ್ಣಿಗೆ ಬೀಳತೊಡಗಿದ್ದು. ಅದಕ್ಕೂ ಮೊದಲು ಯಾರಾದರೂ ಕಣದಲ್ಲಿ ಕುಸಿದರೆ ‘ವಾಯು ಹೊಡೀತು’ ಎಂದು ಮುಗಿಸುತ್ತಿದ್ದರು.

ಸಕಲೇಶಪುರದವರಿಗೆ ಆಸ್ಪತ್ರೆ ಎಂದರೆ ಕ್ರಾಫರ್ಡ್ ಆಸ್ಪತ್ರೆ. ಇಲ್ಲಿನ ಕಾಫಿ ಪ್ಲಾಂಟರ್ ಕ್ರಾಫರ್ಡ್ ಹೆಸರು ಅದು. ಮೈಸೂರು ವಿಶ್ವವಿದ್ಯಾಲಯದ ಕ್ರಾಫರ್ಡ್ ಹಾಲ್‌ಗೂ ಅದೇ ಹೆಸರು. ತೋಟದ ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯ ಕೊಡಬೇಕೆಂದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಹೇಳಿತು. ದೊಡ್ಡ ತೋಟಗಳಲ್ಲಿ ಕಾಂಪೌಂಡರ್, ಔಷಧಿ ಪೆಟ್ಟಿಗೆ ಬಂದವು. ಗಾಯಕ್ಕೆ ಟಿಂಕ್ಚರ್, ಜ್ವರಕ್ಕೆ ಮಾತ್ರೆ, ಹೆರಿಗೆಗೆ ದಾದಿ. ಅಂದರೆ ನಮ್ಮಲ್ಲಿ ಆಸ್ಪತ್ರೆಯ ಪದ್ಧತಿ ಬೆಳೆದದ್ದೇ ‘ಕಾಯಿಲೆ ಬಂತು, ಔಷಧಿ ತಗೊಂಡೆ, ವಾಸಿ ಆಯ್ತು’ ಎಂಬ ಲೆಕ್ಕದ ಮೇಲೆ. ವಾಸಿಯಾಗದೆ ಜೊತೆಯಲ್ಲೇ ಇರುವ ಕಾಯಿಲೆಯೊಂದನ್ನು ಇಪ್ಪತ್ತು ವರ್ಷ ಸಂಭಾಳಿಸುವುದು ಯಾರಿಗೂ ಅಭ್ಯಾಸವಿರಲಿಲ್ಲ. ಮಾವನ ‘ಆರಾಮಾಗೇ ಇದೀನಲ್ಲ’ ಎಂಬ ಮಾತಿನ ಬೇರು ಇಲ್ಲಿದೆ ಎಂದು ನಮಗೆ ಅನ್ನಿಸುತ್ತದೆ.

ನಮ್ಮಲ್ಲಿ ಡಿಡಿಟಿ ಹೊಡೆಯುವುದಕ್ಕೂ ಮೊದಲೇ, 1948ರಲ್ಲಿ, ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಸಣ್ಣ ಪಟ್ಟಣದಲ್ಲಿ ವೈದ್ಯರು ಒಂದು ಕೆಲಸಕ್ಕೆ ಕೈ ಹಾಕಿದ್ದರು. 5,209 ಜನರನ್ನು ಹಿಡಿದು, ವರ್ಷಗಟ್ಟಲೆ ಅವರ ಬಿಪಿ, ಕೊಲೆಸ್ಟ್ರಾಲ್, ಬೀಡಿ-ಸಿಗರೇಟಿನ ಅಭ್ಯಾಸ ಬರೆದಿಟ್ಟರು. ಯಾರಿಗೆ ಹೃದಯಾಘಾತ ಆಗುತ್ತದೆ ಎಂದು ಕಾದು ನೋಡಿದರು. ‘ಅಪಾಯದ ಅಂಶ’ ಎಂದು ಇವತ್ತು ಎಲ್ಲ ಡಾಕ್ಟರೂ ಹೇಳುವ ಮಾತು ಬಳಕೆಗೆ ಬಂದದ್ದು 1961ರ ಅವರ ಬರಹದಿಂದ. ಹೃದಯಾಘಾತ ಹಣೆಬರಹವಲ್ಲ, ಹತ್ತಾರು ವರ್ಷ ಮುಂಚೆಯೇ ಅದರ ಸೂಚನೆಗಳಿರುತ್ತವೆ ಎಂಬುದು ಆ ಊರಿನವರ ಲೆಕ್ಕದಿಂದ ಗೊತ್ತಾಯಿತು.

ಆಮೇಲೆ ರಿಪೇರಿಯ ಕಾಲ. 1967ರಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಗೆ ಇವತ್ತಿನ ರೂಪ ಸಿಕ್ಕಿತು. 1977ರಲ್ಲಿ ಜ್ಯೂರಿಕ್‌ನಲ್ಲಿ ಮೊದಲ ಆಂಜಿಯೋಪ್ಲಾಸ್ಟಿ ಆಯಿತು, ಅಂದರೆ ಕಟ್ಟಿದ ರಕ್ತನಾಳವನ್ನು ಒಳಗಿನಿಂದ ಬಲೂನು ಉಬ್ಬಿಸಿ ಬಿಡಿಸುವುದು. ಮುಂದೆ ಅಲ್ಲಿ ಬಲೆಯಂಥ ಸ್ಟೆಂಟ್ ಕೂರಿಸಲು ಶುರು ಮಾಡಿದರು. ಇವುಗಳ ಫೋಟೋ ಪೇಪರಿನಲ್ಲಿ ಬರುತ್ತದೆ. ಆದರೆ ಮಾತ್ರೆಗಳ ಚರಿತ್ರೆ ಇದಕ್ಕಿಂತ ದೊಡ್ಡದು. 1988ರಲ್ಲಿ, 16 ದೇಶಗಳ 17,187 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಹೃದಯಾಘಾತವಾದವರಿಗೆ ಒಂದು ತಿಂಗಳು ದಿನಕ್ಕೊಂದು ಆಸ್ಪಿರಿನ್ ಕೊಟ್ಟರೆ ಹೃದಯ-ರಕ್ತನಾಳದ ಸಾವು ಶೇ. 23ರಷ್ಟು ಇಳಿಯುತ್ತದೆ ಎಂದು ಕಂಡಿತು. ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಮಾತ್ರೆ ಅದು. 1994ರಲ್ಲಿ ಯುರೋಪಿನ ಉತ್ತರದ ದೇಶಗಳಲ್ಲಿ 4,444 ಹೃದ್ರೋಗಿಗಳನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದಾಗ, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಶೇ. 30ರಷ್ಟು ಕಡಿಮೆ ಇತ್ತು.

ಈ ಕಥೆಗೆ ಬೆಂಗಳೂರಿನ ನಂಟೂ ಇದೆ. ಕೇರಳದ ಸಲೀಂ ಯೂಸುಫ್ ಎಂಬವರು ವೈದ್ಯರಾದದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಆಮೇಲೆ ಕೆನಡಾಕ್ಕೆ ಹೋಗಿ, 52 ದೇಶಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಸಿದರು. 2004ರಲ್ಲಿ ಅದರ ಫಲ ಬಂತು: ತಂಬಾಕು, ಕೆಟ್ಟ ಕೊಲೆಸ್ಟ್ರಾಲ್, ಬಿಪಿ, ಸಕ್ಕರೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು-ತರಕಾರಿ ತಿನ್ನದಿರುವುದು, ಮೈ ಬಗ್ಗಿಸದಿರುವುದು, ಮದ್ಯದ ಅಭ್ಯಾಸ. ಇಷ್ಟು ಒಂಬತ್ತು ಸೇರಿದರೆ ಹೃದಯಾಘಾತದ ಅಪಾಯದಲ್ಲಿ ಶೇ. 90ರಷ್ಟಕ್ಕೆ ಲೆಕ್ಕ ಸಿಗುತ್ತದೆ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೇ ಆಗುತ್ತದೆ, ಬೇರೆಯವರಿಗಿಂತ ಸುಮಾರು ಆರು ವರ್ಷ ಮೊದಲು ಎಂದೂ ಕಂಡಿತು. ಅದೇ ಅಧ್ಯಯನದಲ್ಲಿ ನಮ್ಮ ಕಡೆಯವರು ಕೇಳಿಸಿಕೊಳ್ಳಬೇಕಾದ ಇನ್ನೊಂದು ಸಂಗತಿ ಇತ್ತು: ತಂಬಾಕು ಸೇದದೆ ಬರೀ ಅಗಿಯುವವರಿಗೂ ಅಪಾಯ ಎರಡು ಪಟ್ಟಿಗಿಂತ ಹೆಚ್ಚು. ‘ನಾನು ಬೀಡಿ ಸೇದಲ್ಲಪ್ಪ, ಎಲೆ ಅಡಿಕೆ ಜೊತೆ ಒಂದು ಚೂರು ಹೊಗೆಸೊಪ್ಪು ಅಷ್ಟೇ’ ಎನ್ನುವವರು ನಮ್ಮ ಲೈನ್ ಮನೆಗಳಲ್ಲಿ ಎಷ್ಟು ಜನ ಇದ್ದಾರೆ, ನಿಮಗೇ ಗೊತ್ತು.

ಇಷ್ಟೆಲ್ಲ ಗೊತ್ತಾದರೂ ನಮ್ಮ ಬೆಟ್ಟದ ಜನರ ಮೊದಲ ಸಮಸ್ಯೆ ಬೇರೆಯೇ: ಆಸ್ಪತ್ರೆ ಮುಟ್ಟುವುದು. ಮಾವನಿಗೆ ಎದೆನೋವು ಬಂದದ್ದು 2019ರ ಫೆಬ್ರವರಿಯಲ್ಲಿ, ರೊಬಸ್ಟಾ ಕೊಯ್ಲಿನ ಕಾಲ. ಬೆಳಿಗ್ಗೆ ಕಣದಲ್ಲಿ ಕಾಫಿ ಹರವಿಸುತ್ತಿದ್ದಾಗ ಎದೆ ಹಿಂಡಿತು, ಬೆವರು ಕಿತ್ತುಕೊಂಡು ಬಂತು. ಗ್ಯಾಸ್ ಎಂದುಕೊಂಡು ಸೋಡಾ ಕುಡಿದರು. ಅತ್ತೆ ಜೀರಿಗೆ ಕಷಾಯ ಮಾಡಿದರು. ಮಧ್ಯಾಹ್ನ ಜೀಪಿನಲ್ಲಿ ಪೇಟೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಮುಟ್ಟುವಾಗ ಕತ್ತಲಾಗಿತ್ತು. ಸೇಂಟ್ ಜಾನ್ಸ್‌ನ ವೈದ್ಯರು ದೇಶದ 89 ಆಸ್ಪತ್ರೆಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕವನ್ನು 2008ರಲ್ಲಿ ಪ್ರಕಟಿಸಿದ್ದರು. ಅದರಲ್ಲಿ ನೋವು ಶುರುವಾಗಿ ಆಸ್ಪತ್ರೆ ಸೇರಲು ಹಿಡಿದ ಸಮಯದ ಮಧ್ಯಬಿಂದು 360 ನಿಮಿಷ, ಅಂದರೆ ಆರು ಗಂಟೆ. ಮಾವ ಅದಕ್ಕಿಂತಲೂ ತಡ ಮಾಡಿದ್ದರು.

ಆ ದೂರ ತಗ್ಗಿಸಲು ನಮ್ಮ ರಾಜ್ಯ ಮಾಡಿದ ಕೆಲಸ ಕಡಿಮೆಯೇನಲ್ಲ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಹುಟ್ಟಿದ ಜಯದೇವ ಸಂಸ್ಥೆ ಬನ್ನೇರುಘಟ್ಟ ರಸ್ತೆಗೆ ಹೋಗಿ, ಮೈಸೂರು, ಕಲಬುರಗಿಗೂ ಹಬ್ಬಿತು. 2006ರಿಂದ 2024ರ ಜನವರಿವರೆಗೆ ಅದನ್ನು ನಡೆಸಿದ ಡಾ. ಸಿ.ಎನ್. ಮಂಜುನಾಥ್ ನಮ್ಮ ಜಿಲ್ಲೆಯವರೇ, ಚನ್ನರಾಯಪಟ್ಟಣ ತಾಲೂಕಿನವರು. ‘ಮೊದಲು ಚಿಕಿತ್ಸೆ, ಆಮೇಲೆ ದುಡ್ಡು’ ಎಂಬ ಅವರ ನೀತಿಯಿಂದ ಉಳಿದ ಜೀವಗಳು ಪ್ರತಿ ಹೋಬಳಿಯಲ್ಲೂ ಸಿಗುತ್ತವೆ. 2003ರಲ್ಲಿ ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಬಂತು, 2008ರ ನವೆಂಬರ್ 1ರಂದು 108 ಆಂಬುಲೆನ್ಸ್ ಬಂತು, ಮುಂದೆ ಬಿಪಿಎಲ್ ಕಾರ್ಡಿನ ಯೋಜನೆಗಳು ಬಂದವು. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್ ಬೆಲೆಗೇ ಕಡಿವಾಣ ಹಾಕಿ, ಔಷಧಿ ಲೇಪಿಸಿದ ಸ್ಟೆಂಟಿಗೆ 29,600 ರೂಪಾಯಿ ಎಂದು ಗೊತ್ತು ಮಾಡಿತು. 2018ರಿಂದ ಮಂಗಳೂರಿನ ಡಾ. ಪದ್ಮನಾಭ ಕಾಮತ್ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್ಆ್ಯಪ್‌ನಲ್ಲಿ ಇಸಿಜಿ ನೋಡಿ ಸಲಹೆ ಹೇಳುವ ವ್ಯವಸ್ಥೆ ಕಟ್ಟಿದರು. 2023ರಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂತು. ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಆ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುತ್ತಾರೆ. ಮಳೆಗಾಲದಲ್ಲಿ ದೊಡ್ಡತಪ್ಪಲೆಯ ಬಳಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗುವ ನಮ್ಮಂಥ ಕಡೆ ಇದರ ಬೆಲೆ ಎಷ್ಟೆಂದು ಬೇರೆಯವರಿಗೆ ತಿಳಿಯುವುದು ಕಷ್ಟ.

ಗಮನಿಸಿ ನೋಡಿದರೆ ಇವೆಲ್ಲ ಆಸ್ಪತ್ರೆಗೆ ಹೋಗುವ ದಾರಿಯ ಕೆಲಸಗಳು. ವಾಪಸ್ ಬರುವ ದಾರಿಗೆ ಇಷ್ಟು ಸದ್ದಿನ ಯೋಜನೆ ಯಾವುದೂ ಬರಲಿಲ್ಲ.

ಮಾವ ಐದನೇ ದಿನ ಡಿಸ್ಚಾರ್ಜ್ ಆದರು. ಕೈಗೆ ಕೊಟ್ಟದ್ದು ಇಂಗ್ಲಿಷಿನಲ್ಲಿ ಬರೆದ ಮೂರು ಹಾಳೆ, ಒಂದು ತಿಂಗಳ ಮಾತ್ರೆ, ‘ಉಪ್ಪು ಎಣ್ಣೆ ಕಮ್ಮಿ ಮಾಡಿ’ ಎಂಬ ಮಾತು. ಯಾವ ಆಸ್ಪತ್ರೆ ಎಂಬುದು ಇಲ್ಲಿ ಬೇಡ, ಎಲ್ಲ ಕಡೆಯೂ ಹೀಗೇ ಎಂದು ಹತ್ತಾರು ಮನೆಗಳಲ್ಲಿ ಕೇಳಿದ್ದೇವೆ. ಸ್ಟೆಂಟ್ ಹಾಕಿದ್ದು ಒಂದು ಜಾಗಕ್ಕೆ, ಕಾಯಿಲೆ ಇರುವುದು ಎಲ್ಲ ರಕ್ತನಾಳಗಳಲ್ಲಿ ಎಂದು ಅವರಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಪೈಪಿನಲ್ಲಿ ಕಟ್ಟಿದ ಕಸ ತೆಗೆಸಿದ ಹಾಗೆ ಅವರು ತಿಳಿದರು. ಕಸ ತೆಗೆದ ಮೇಲೆ ಮತ್ಯಾಕೆ ಮಾತ್ರೆ?

ಸಲೀಂ ಯೂಸುಫ್ ತಂಡ 2011ರಲ್ಲಿ 17 ದೇಶಗಳ ಊರೂರು ಸುತ್ತಿದ ಅಧ್ಯಯನ ಪ್ರಕಟಿಸಿತು. ಹೃದಯಾಘಾತವೋ ಪಾರ್ಶ್ವವಾಯುವೋ ಆಗಿ ಬದುಕಿದವರು ಮನೆಯಲ್ಲಿ ಏನು ಔಷಧಿ ತೆಗೆದುಕೊಳ್ಳುತ್ತಿದ್ದಾರೆ ಎಂದು ಕೇಳಿತು. ಭಾರತವೂ ಸೇರಿದ ಬಡ ದೇಶಗಳಲ್ಲಿ ಶೇ. 80ರಷ್ಟು ಜನ ಮುಖ್ಯವಾದ ನಾಲ್ಕು ಬಗೆಯ ಮಾತ್ರೆಗಳಲ್ಲಿ ಒಂದನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅಂದರೆ ಮಾವ ಒಬ್ಬರೇ ಅಲ್ಲ.

ನಮ್ಮ ಕಡೆ ಮಾತ್ರೆ ನಿಲ್ಲುವುದಕ್ಕೆ ನಮ್ಮವೇ ಕಾರಣಗಳಿವೆ. ಕೊಯ್ಲು ಮುಗಿಯುವವರೆಗೆ ಪೇಟೆಗೆ ಹೋಗಲು ಪುರುಸೊತ್ತಿಲ್ಲ. ಜೂನ್‌ನಿಂದ ಮಳೆ ಹಿಡಿದರೆ ಬಸ್ಸು ಖಾತ್ರಿಯಿಲ್ಲ. ಚಿಕಿತ್ಸೆಗೆ ಕಾರ್ಡ್ ಇದೆ, ತಿಂಗಳ ಮಾತ್ರೆಗೆ ಕೈಯಿಂದಲೇ ಹಾಕಬೇಕು ಎಂದು ಎಷ್ಟೋ ಜನ ತಿಳಿದಿದ್ದಾರೆ. ಬಿಪಿ, ಸಕ್ಕರೆಯ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುತ್ತಾರೆ, ಜನೌಷಧಿ ಅಂಗಡಿಯಲ್ಲಿ ಉಳಿದವು ಅಗ್ಗ ಎಂದು ಹೇಳುವವರಿಲ್ಲ. ಮೈಕೈ ನೋವು ಬಂದರೆ, ಹೊಟ್ಟೆ ಉರಿದರೆ ‘ಉಷ್ಣ’ ಎಂದು ಬಿಡುತ್ತಾರೆ. ಡಾಕ್ಟರನ್ನು ಕೇಳಿದ್ದರೆ ಪ್ರಮಾಣ ಇಳಿಸಿಯೋ ಬೇರೆ ಬರೆದೋ ಕೊಡುತ್ತಿದ್ದರು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಸ್ಟೆಂಟ್ ಹಾಕಿದ ಹೊಸತರಲ್ಲೇ ಬಿಟ್ಟರಂತೂ ಆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಜೀವಕ್ಕೆ ಬರಬಹುದು. ಹಲ್ಲು ಕೀಳಿಸುವುದಿದ್ದರೂ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸುವಂತಿಲ್ಲ.

ಇದಕ್ಕೆ ದಾರಿಯೇ ಇಲ್ಲವೇ ಎಂದರೆ, ಇದೆ. ಅದನ್ನೂ ಸೇಂಟ್ ಜಾನ್ಸ್‌ನವರೇ ತೋರಿಸಿದ್ದಾರೆ. ಡಾ. ಡೆನಿಸ್ ಕ್ಸೇವಿಯರ್ ಮತ್ತು ಜೊತೆಗಾರರು ದೇಶದ 14 ಆಸ್ಪತ್ರೆಗಳಿಂದ ಮನೆಗೆ ಹೋದ 806 ಹೃದ್ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿನವರ ಜೊತೆ ತರಬೇತಾದ ಆರೋಗ್ಯ ಕಾರ್ಯಕರ್ತರು ಒಂದು ವರ್ಷ ಆಗಾಗ ಕೂತು ಮಾತಾಡಿದರು. ಮಾತ್ರೆ ಯಾಕೆ ಬಿಟ್ಟಿರಿ, ತೊಂದರೆ ಏನು ಎಂದು ಕೇಳಿದರು, ಡೈರಿಯಲ್ಲಿ ಗುರುತು ಹಾಕಿಸಿದರು. 2016ರಲ್ಲಿ ಫಲಿತಾಂಶ ಬಂತು. ಕಾರ್ಯಕರ್ತರು ಮಾತಾಡಿಸಿದ ಗುಂಪಿನಲ್ಲಿ ಮಾತ್ರೆ ಸರಿಯಾಗಿ ತೆಗೆದುಕೊಳ್ಳುವವರು ಹೆಚ್ಚು, ಬಿಪಿ ಕಡಿಮೆ. ತಂಬಾಕು ಬಿಟ್ಟವರು ಅಲ್ಲಿ ಶೇ. 85, ಇನ್ನೊಂದು ಗುಂಪಿನಲ್ಲಿ ಶೇ. 52. ಹೊಸ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ. ಮಾತಾಡಿಸಿದ್ದಷ್ಟೇ. ಬಿಪಿ, ಸಕ್ಕರೆಯನ್ನು ಮನೆ ಬಾಗಿಲಲ್ಲೇ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆ ರಾಜ್ಯದಲ್ಲಿ 2024ರಲ್ಲಿ ಕೋಲಾರದಿಂದ ಶುರುವಾಗಿದೆ. ಆಶಾ ಕಾರ್ಯಕರ್ತೆಯರು ಹೇಗೂ ಮನೆಗೆ ಬರುತ್ತಾರೆ. ಬಂದಾಗ ಸ್ಟೆಂಟ್ ಹಾಕಿಸಿಕೊಂಡವರ ಮನೆಯಲ್ಲಿ ಐದು ನಿಮಿಷ ಹೆಚ್ಚು ಕೂರುವಂತಾದರೆ ಸಾಕು ಎಂದು ನಮಗನ್ನಿಸುತ್ತದೆ. ಆದರೆ ಅವರ ಮೇಲೆ ಈಗಾಗಲೇ ಇರುವ ಕೆಲಸ ನೋಡಿದರೆ, ಇದನ್ನೂ ಪುಕ್ಕಟೆ ಮಾಡಿ ಎನ್ನಲು ನಮಗೆ ಬಾಯಿ ಬರುವುದಿಲ್ಲ.

ಜುಲೈ ಮೊದಲ ವಾರ ಮಾವನ ಫೈಲು ಹಿಡಿದು ಪರಿಚಯದ ಡಾಕ್ಟರ ಹತ್ತಿರ ಹೋದೆವು. ಅವರು ಇಸಿಜಿ ಚೀಟಿ ಪಕ್ಕಕ್ಕಿಟ್ಟರು. ‘ಇದು ಆ ಹೊತ್ತಿನ ಹೃದಯದ ಕರೆಂಟು ತೋರಿಸುತ್ತೆ ಅಷ್ಟೇ. ನಾಳದಲ್ಲಿ ಎಷ್ಟು ಕಟ್ಟಿದೆ ಅಂತ ಇದರಲ್ಲಿ ಕಾಣಲ್ಲ’ ಎಂದರು. ಬಿಪಿ ನೋಡಿದರು, 158/94. ಹೃದ್ರೋಗಿಗಳಿಗೆ ಅದು ಸಾಮಾನ್ಯವಾಗಿ 130/80ರ ಒಳಗಿರಬೇಕು. ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, 70ಕ್ಕಿಂತ ಕೆಳಗೆ, ಈಗೀಗ 55ಕ್ಕಿಂತ ಕೆಳಗೆ ತರಲು ನೋಡುತ್ತಾರೆ. ಮಾವನದು 131 ಇತ್ತು. ಸಕ್ಕರೆಯ ಮೂರು ತಿಂಗಳ ಸರಾಸರಿ 7ರ ಆಸುಪಾಸು ಇರಬೇಕೆಂದರು. ಅದೊಂದು ಮಾವನಿಗೆ ಸರಿಯಿತ್ತು. ವಯಸ್ಸು, ಬೇರೆ ಕಾಯಿಲೆ ನೋಡಿಕೊಂಡು ಒಬ್ಬೊಬ್ಬರ ಗುರಿ ಬೇರೆ ಇರಬಹುದು, ನಿಮ್ಮದನ್ನು ನಿಮ್ಮ ಡಾಕ್ಟರಿಂದಲೇ ಬರೆಸಿಕೊಳ್ಳಿ.

ಉಪ್ಪಿನ ಮಾತು ಬಂದಾಗ ಅತ್ತೆ ನಕ್ಕರು. ಇಡೀ ದಿನಕ್ಕೆ ಒಂದು ಟೀ ಚಮಚಕ್ಕಿಂತ ಕಡಿಮೆ ಎಂದರೆ, ಉಪ್ಪಿನಕಾಯಿ, ಒಣಮೀನು, ಉಪ್ಪುನೀರಿನ ಮಾವಿನಕಾಯಿ ಇಲ್ಲದ ಮಲೆನಾಡಿನ ಮಳೆಗಾಲ ಯಾವುದು? ಡಾಕ್ಟರು ಪೂರ್ತಿ ಬಿಡಿ ಎನ್ನಲಿಲ್ಲ. ವಾರಕ್ಕೊಮ್ಮೆ, ಚೂರು ಎಂದರು. ದಿನಾ ಅರ್ಧ ಗಂಟೆ ನಡೆಯಿರಿ ಎಂದದ್ದಕ್ಕೆ ಮಾವ, ‘ಈ ಮಳೇಲಿ, ಈ ಜಿಗಣೇಲಿ ಎಲ್ಲಿ ನಡೀಲಿ?’ ಎಂದರು. ಕಾಫಿ ಗೋದಾಮಿನೊಳಗೆ ನಡೆಯಿರಿ ಎಂದರು ಡಾಕ್ಟರು. ತೋಟದವರು ಒಪ್ಪಿದ್ದಾರೆ. ಹೊಗೆಸೊಪ್ಪು ಮಾತ್ರ ಇನ್ನೂ ಪೂರ್ತಿ ಬಿಟ್ಟಿಲ್ಲ, ದಿನಕ್ಕೆ ಎರಡಕ್ಕೆ ಇಳಿದಿದೆ. ಅತ್ತೆ ಲೆಕ್ಕ ಇಟ್ಟಿದ್ದಾರೆ.

ಲೆಕ್ಕ ಎಂದಾಗ ನೆನಪಾಯಿತು. ನಮ್ಮ ತೋಟಗಳಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟುಗಳಲ್ಲಿ ಬರೆದಿಡುವ ಪದ್ಧತಿ ನಿಮಗೂ ಗೊತ್ತು. ಮಾವ ನಿವೃತ್ತಿಯಾದ ಮೇಲೂ ಮನೆ ಅಂಗಳದಲ್ಲಿ ಅಳೆಯುತ್ತಾರೆ, ಒಂದು ದಿನವೂ ತಪ್ಪಿಸಿದ್ದಿಲ್ಲ. ಈಗ ಅದೇ ಪುಸ್ತಕದಲ್ಲಿ ಸ್ಕೇಲು ಇಟ್ಟು ಇನ್ನೂ ಮೂರು ಗೆರೆ ಎಳೆದಿದ್ದಾರೆ: ಬೆಳಿಗ್ಗೆ ಮಾತ್ರೆ, ರಾತ್ರಿ ಮಾತ್ರೆ, ಬಿಪಿ. ಮೊನ್ನೆ ಹೋದಾಗ ತೆರೆದು ನೋಡಿದೆವು. ಮಳೆ 2 ಇಂಚು 40 ಸೆಂಟು, ಬೆಳಿಗ್ಗೆ ಸರಿ ಗುರುತು, ಬಿಪಿ 136/84, ರಾತ್ರಿಯ ಕಾಲಂ ಖಾಲಿ. ‘ನಿನ್ನೆ ರಾತ್ರಿ?’ ಎಂದೆವು. ‘ಕರೆಂಟ್ ಇರಲಿಲ್ಲ, ಪುಸ್ತಕ ಕಾಣಲಿಲ್ಲ. ಮಾತ್ರೆ ತಗೊಂಡಿದೀನಿ, ಡಬ್ಬಿ ಎಣಿಸಿ ನೋಡು’ ಎಂದರು ಮಾವ. ಎಣಿಸಿದೆವು. ಸರಿಯಿತ್ತು.